ಸೆರಗಿನ ತುದಿಯ ಪೊಟ್ಟಣ

ಕಳೆದ ತಿಂಗಳ ಅಂಕಣದಲ್ಲಿ 1659ರ ರೋಮಿನ ಪ್ರಕರಣವೊಂದನ್ನು ಬರೆದಿದ್ದೆ. ಗಂಡನಿಂದ ಬಿಡುಗಡೆ ಬೇಕೆಂದು ಬಂದ ಹೆಂಗಸರಿಗೆ ಬಣ್ಣವಿಲ್ಲದ, ರುಚಿಯಿಲ್ಲದ ಶಂಖಪಾಷಾಣದ (ಆರ್ಸೆನಿಕ್) ನೀರನ್ನು ಸಣ್ಣ ಸೀಸೆಗಳಲ್ಲಿ ತುಂಬಿ ಮಾರುತ್ತಿದ್ದ ಗಿರೋನಿಮಾ ಸ್ಪಾನಾ ಎಂಬಾಕೆ ಮತ್ತು ಅವಳ ಜತೆಗಾತಿಯರ ಕಥೆ ಅದು. ಪೋಪ್ ಏಳನೆಯ ಅಲೆಕ್ಸಾಂಡರನ ಆಳ್ವಿಕೆಯಲ್ಲಿ, ಜುಲೈ ತಿಂಗಳಿನಲ್ಲಿ, ಕಾಂಪೊ ದೆ ಫಿಯೋರಿ ಚೌಕದಲ್ಲಿ ಐವರನ್ನು ಗಲ್ಲಿಗೇರಿಸಿದರು. ಅದಕ್ಕೆ ಬಂದಷ್ಟು ಪತ್ರಗಳು ಜಮೀನು ಪಾಲಿನ ಬಗ್ಗೆ ಬರೆದಾಗಲೂ ಬಂದಿರಲಿಲ್ಲ. ಆದ್ದರಿಂದ ಈ ಸಲ ಇಡೀ ಅಂಕಣ ಇದೇ ವಿಷಯಕ್ಕೆ.

ಮೇಡಂ, ನಿಮ್ಮ ಬರಹ ಓದಿದ ಮೇಲೆ ಆ ಹೆಂಗಸರ ಮೇಲೆ ಕನಿಕರ ಹುಟ್ಟಿತು. ಕೊಂದವರ ಮೇಲೆ ಕನಿಕರ ಹುಟ್ಟಿಸುವುದು ಒಬ್ಬ ವಕೀಲರಿಗೆ ತಕ್ಕದ್ದೇ?
*ನಿವೃತ್ತ ಬ್ಯಾಂಕ್ ಉದ್ಯೋಗಿ, ಕದ್ರಿ, ಮಂಗಳೂರು*

ನಿಮ್ಮ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಸತ್ತವನು ಕಟಕಟೆಗೆ ಬಂದು ಹೇಳಿಕೆ ಕೊಡಲಾರ. ಅವನು ಹೊಡೆಯುವವನಾಗಿದ್ದನೇ, ಇಲ್ಲ ಬರೀ ಮುದುಕನೂ ಬೇಡವಾದವನೂ ಆಗಿದ್ದನೇ ಎಂಬುದಕ್ಕೆ ಬದುಕಿರುವ ಹೆಂಡತಿಯ ಮಾತೊಂದೇ ನಮಗೆ ಸಿಗುವುದು. ಇದನ್ನು ಕಳೆದ ಸಲ ನಾನು ಬರೆಯಲೇಬೇಕಿತ್ತು, ಬರೆಯಲಿಲ್ಲ. ಅದು ನನ್ನ ತಪ್ಪು.

ಆದರೆ ಕನಿಕರದ ಮಾತನ್ನು ನಾನು ಹಿಂದೆಗೆದುಕೊಳ್ಳುವುದಿಲ್ಲ. ಅಂದಿನ ರೋಮಿನಲ್ಲಿ ಮದುವೆಗೆ ಬಿಡುಗಡೆಯೇ ಇರಲಿಲ್ಲ. ಚರ್ಚಿನ ನ್ಯಾಯಾಲಯ ಬಹಳವೆಂದರೆ ಗಂಡ ಹೆಂಡಿರು ಬೇರೆ ಬೇರೆ ಇರಲು ಅನುಮತಿ ಕೊಡುತ್ತಿತ್ತು. ಅದಕ್ಕೂ ಸಾಕ್ಷಿ ಬೇಕು, ದುಡ್ಡು ಬೇಕು, ಬೆನ್ನಿಗೆ ನಿಲ್ಲುವ ತವರು ಬೇಕು. ಮರುಮದುವೆ ಮಾತ್ರ ಇಲ್ಲ. ವಿಧವೆಯಾದವಳಿಗೆ ಆ ಬಾಗಿಲು ತೆರೆಯುತ್ತಿತ್ತು. ಹಾಗಿರುವಾಗ ಯಾರಾದರೂ ವೈಧವ್ಯವನ್ನು ಸೀಸೆಯಲ್ಲಿ ತುಂಬಿ ಮಾರಲು ಹೊರಟರೆ ಕೊಳ್ಳುವವರು ಇದ್ದೇ ಇರುತ್ತಾರೆ.

ನಮ್ಮ ತುಳುನಾಡಿನ ಸಿರಿಯ ಪಾಡ್ದನವನ್ನು ನೆನಪಿಸಿಕೊಳ್ಳಿ. ಸತ್ಯನಾಪುರದ ಸಿರಿಗೆ ಬಸ್ರೂರಿನ ಕಾಂತು ಪೂಂಜನೊಂದಿಗೆ ಮದುವೆಯಾಯಿತು. ಅವನು ಅವಳಿಗೆಂದು ಕೊಂಡ ಸೀರೆಯನ್ನು ಸೂಳೆಯ ಮನೆಗೆ ಒಯ್ದ. ಸಿರಿ ಅನ್ನಕ್ಕೆ ಏನನ್ನೂ ಬೆರೆಸಲಿಲ್ಲ. ವಿಚ್ಛೇದನ ಪಡೆದು, ಮಗುವನ್ನು ಎತ್ತಿಕೊಂಡು ಹೊರಟಳು. ಮುಂದೆ ಇನ್ನೊಂದು ಮದುವೆಯನ್ನೂ ಆದಳು. ನಂದಳಿಕೆಯಲ್ಲಿ, ಕವತ್ತಾರಿನಲ್ಲಿ, ಹಿರಿಯಡಕದಲ್ಲಿ ಇಂದಿಗೂ ನೂರಾರು ಹೆಂಗಸರು ಹಿಂಗಾರ ಹಿಡಿದು ಅವಳನ್ನು ಮೈಮೇಲೆ ತಂದುಕೊಳ್ಳುತ್ತಾರೆ. ಹೊರಟುಹೋಗಲು ದಾರಿಯಿದ್ದ ಕಡೆ ಹುಟ್ಟಿದ ಹಾಡು ಅದು.

ಎಲ್ಲರಿಗೂ ಆ ದಾರಿ ಇತ್ತೆಂದು ಹೇಳಲಾರೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದುಬರುವ ಅಳಿಯಸಂತಾನದ ಮನೆಗಳಲ್ಲಿ ಇತ್ತು, ಪಕ್ಕದ ಬೀದಿಯ ಬ್ರಾಹ್ಮಣರ ಮನೆಯಲ್ಲಿ ಇರಲಿಲ್ಲ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಹಿಂದೂಗಳಿಗೆ ವಿಚ್ಛೇದನದ ಕಾನೂನು ಬಂದದ್ದು 1949ರಲ್ಲಿ, ದೇಶಕ್ಕೆಲ್ಲ ಬಂದದ್ದು 1955ರಲ್ಲಿ. ನಮ್ಮ ಕ್ರೈಸ್ತ ಅಕ್ಕತಂಗಿಯರ ಸ್ಥಿತಿ ಇನ್ನೂ ಕಷ್ಟದ್ದು. 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲಿ ಗಂಡನಾದವನು ಹೆಂಡತಿಯ ವ್ಯಭಿಚಾರವನ್ನಷ್ಟೇ ತೋರಿಸಿದರೆ ಸಾಕಿತ್ತು. ಹೆಂಡತಿಯಾದವಳು ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಕೂಡಿಸಿ ತೋರಿಸಬೇಕಿತ್ತು. ಅದು ತಿದ್ದುಪಡಿಯಾದದ್ದು 2001ರಲ್ಲಿ. ಅದಕ್ಕೆ ಮೊದಲು ನನ್ನ ಎದುರಿನ ಬೆಂಚಿನಲ್ಲಿ ಕುಳಿತು, ಮೈಮೇಲಿನ ಬಾಸುಂಡೆ ತೋರಿಸಿ, "ಇವರು ಬೇರೆ ಹೆಂಗಸಿನ ಸಹವಾಸ ಮಾಡಿಲ್ಲ ಮೇಡಂ, ಹಾಗಾದರೆ ನನಗೆ ಏನೂ ಇಲ್ಲವೇ?" ಎಂದು ಕೇಳಿದವರಿದ್ದಾರೆ. ವಿಚ್ಛೇದನವಿಲ್ಲ ಎಂದು ನಾನೇ ಹೇಳಬೇಕಾಗಿತ್ತು.

ಜೂಲಿಯಾ ತೊಫಾನಾ ಎಂಬವಳು 600 ಗಂಡಂದಿರನ್ನು ಕೊಂದಳು, ಅವಳನ್ನೇ ರೋಮಿನಲ್ಲಿ ಗಲ್ಲಿಗೇರಿಸಿದರು ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನೀವು ಬೇರೆ ಹೆಸರು ಬರೆದಿದ್ದೀರಲ್ಲ?
*ಆರ್., ಬ್ರಹ್ಮಾವರ*

ನಾನು ಬರೆದ ಹೆಸರೇ ಸರಿ. 1659ರಲ್ಲಿ ನೇಣಿಗೇರಿದವಳು ಸ್ಪಾನಾ. ತೊಫಾನಾ ಪಲೆರ್ಮೊ ಕಡೆಯಿಂದ ಬಂದವಳು, ಸ್ಪಾನಾಳಿಗಿಂತ ಹಿಂದಿನವಳು. ಆ ನೀರಿಗೆ ಮುಂದೆ ಅವಳ ಹೆಸರು ಅಂಟಿಕೊಂಡಿತು. 600 ಎಂಬ ಲೆಕ್ಕಕ್ಕೆ ನ್ಯಾಯಾಲಯದ ದಾಖಲೆಯ ಆಧಾರವಿಲ್ಲ. ರೋಮಿನ ಪತ್ರಾಗಾರದಲ್ಲಿ ವಿಚಾರಣೆಯ ಕಡತಗಳು ಇಂದಿಗೂ ಇವೆ. ಹೇಳಿಕೆ ಕೊಟ್ಟವರ ಹೆಸರು, ಸತ್ತವರ ಹೆಸರು ಅದರಲ್ಲಿವೆ. ಅಷ್ಟು ಸಾಲದೆಂದು ಸೊನ್ನೆ ಸೇರಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಒಂದು ಸಾವು ಕಡಿಮೆಯೇ?

ಆ ಹೇಳಿಕೆಗಳಲ್ಲಿ ಚೇರಿ ಎಂಬ ಊರಿನ ಡ್ಯೂಕನ ಹೆಂಡತಿಯ ಹೆಸರೂ ಬಂದಿತ್ತು. ಅವಳು ವಿಚಾರಣೆಯನ್ನು ಎದುರಿಸಲಿಲ್ಲ. ಗಲ್ಲಿಗೇರಿದವರು ಮಾರಿದವರು, ಅವರಲ್ಲಿ ದೊಡ್ಡ ಮನೆತನದವರು ಯಾರೂ ಇರಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹಂಚಬೇಕಾದ ಸಂಗತಿ ಇದ್ದರೆ ಅದು ಇದು.

ಅಕ್ಕ, ವಿಷ ಮಾರುವ ಸ್ಪಾನಾ ಭವಿಷ್ಯ ಏಕೆ ಹೇಳುತ್ತಿದ್ದಳು? ಮಾಟ ಮಂತ್ರ ಬರೀ ಓದುಗರನ್ನು ಹಿಡಿಯಲು ಸೇರಿಸುವ ಮಸಾಲೆಯೇ, ನಿಜಕ್ಕೂ ಇತ್ತೇ?
*ಎಂ.ಎಸ್., ಸುರತ್ಕಲ್*

ಇತ್ತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿಕೈ ಅದು.

ಪ್ಯಾರಿಸಿನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1678ರ ಕೊನೆಗೆ ಮಾರಿ ಬಾಸ್ ಎಂಬ ಕಣಿ ಹೇಳುವವಳು ಊಟದ ಮನೆಯೊಂದರಲ್ಲಿ ಕುಡಿದ ಮತ್ತಿನಲ್ಲಿ, "ಇನ್ನು ಮೂರು ವಿಷಪ್ರಯೋಗವಾದರೆ ಸಾಕು, ಕಸುಬು ಬಿಟ್ಟು ಹಾಯಾಗಿರುತ್ತೇನೆ" ಎಂಬರ್ಥದಲ್ಲಿ ಜಂಬ ಕೊಚ್ಚಿಕೊಂಡಳು. ಮಾತು ಪೊಲೀಸ್ ಮುಖ್ಯಸ್ಥ ಲಾ ರೇನಿಯ ಕಿವಿಗೆ ಬಿತ್ತು. ದಾರ ಎಳೆಯುತ್ತಾ ಹೋದಾಗ ಸಿಕ್ಕವಳು ಕ್ಯಾಥರೀನ್ ಮೊಂವಾಜಾಂ. ಊರಿನವರ ಬಾಯಲ್ಲಿ ಅವಳು ಲಾ ವಾಜಾಂ. ಗಂಡನ ಒಡವೆ ವ್ಯಾಪಾರ ಮುಳುಗಿದ ಮೇಲೆ ಸಂಸಾರ ಸಾಕಲು ಅಂಗೈ ನೋಡಲು ಕುಳಿತವಳು. 1679ರ ಮಾರ್ಚ್‌ನಲ್ಲಿ ಅವಳನ್ನು ಹಿಡಿದದ್ದು ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುತ್ತಿದ್ದಾಗ. 1680ರ ಫೆಬ್ರವರಿ 22ರಂದು ಅವಳನ್ನು ಸುಟ್ಟರು. ವಿಶೇಷ ನ್ಯಾಯಾಲಯ 1682ರ ವರೆಗೆ ನಡೆಯಿತು. 36 ಮಂದಿಗೆ ಮರಣದಂಡನೆಯಾಯಿತು. ಮಾಟದ ಪೂಜೆಯ ಆರೋಪ ರಾಜ ಹದಿನಾಲ್ಕನೆಯ ಲೂಯಿಯ ಪ್ರೇಯಸಿ ಮೋಂತೆಸ್ಪಾಂ ತನಕ ಮುಟ್ಟಿದಾಗ ರಾಜ ಆ ಕಡತಗಳನ್ನು ಪ್ರತ್ಯೇಕವಾಗಿ ಇರಿಸಿಕೊಂಡ. 1709ರಲ್ಲಿ, ಲಾ ರೇನಿ ಸತ್ತ ಮೇಲೆ, ಅವನ್ನು ಸುಟ್ಟುಹಾಕಿದ. ಲಾ ರೇನಿಯ ಟಿಪ್ಪಣಿಗಳು ಉಳಿದುಕೊಂಡದ್ದರಿಂದ ನಮಗೆ ಇಷ್ಟಾದರೂ ಗೊತ್ತಾಗಿದೆ.

ಅಂಥವಳ ಬಳಿಗೆ ಬರುವ ಹೆಂಗಸು ಮೊದಲ ದಿನ ಕೇಳುವ ಪ್ರಶ್ನೆ "ನನ್ನ ಗಂಡ ಯಾವಾಗ ಸರಿಯಾಗುತ್ತಾನೆ?" ಎಂಬುದು. ಕೆಲವು ದಿನ ಕಳೆದ ಮೇಲೆ "ಅವನಿಗೆ ಆಯುಷ್ಯ ಎಷ್ಟಿದೆ?" ಎನ್ನುತ್ತಾಳೆ. ಆಮೇಲೆ ಒಂದು ಪುಡಿ ಬರುತ್ತದೆ, ಮನಸ್ಸು ಮೆತ್ತಗಾಗಲಿಕ್ಕೆ. ಅದು ಫಲಿಸದಿದ್ದರೆ ಇನ್ನೊಂದು, ಸ್ವಲ್ಪ ಬಿರುಸಿನದು. ಯಾವ ದಿನ ಪ್ರಾರ್ಥನೆ ಮುಗಿದು ಕೊಲೆ ಶುರುವಾಯಿತು ಎಂದು ಅವಳನ್ನು ಕೇಳಿದರೆ ಅವಳಿಗೇ ತಿಳಿಯದು. ಮಾಟದ ಕೆಲಸ ಅಲ್ಲಿರುವುದು: ತಾನು ಮಾಡುತ್ತಿರುವುದು ಏನೆಂದು ತನಗೇ ಗೊತ್ತಾಗದಂತೆ ಅದು ಕಣ್ಣಿಗೆ ಬಟ್ಟೆ ಕಟ್ಟುತ್ತದೆ. ಇಟಲಿಯಲ್ಲಿ ಆ ನೀರನ್ನು ಬಾರಿ ಊರಿನ ಸಂತ ನಿಕೊಲಾಸನ ಸಮಾಧಿಯಿಂದ ಜಿನುಗುವ ಪವಿತ್ರ ದ್ರವವೆಂಬಂತೆ ಸಂತನ ಚಿತ್ರವಿದ್ದ ಸೀಸೆಯಲ್ಲಿ ಮಾರುತ್ತಿದ್ದರಂತೆ. ನಮ್ಮಲ್ಲಿ ದೇವರ ಕೋಣೆಯ ಗಂಗಾಜಲದ ಗಿಂಡಿಯನ್ನು ಯಾರಾದರೂ ಒಡೆದು ಮೂಸಿ ನೋಡುತ್ತಾರೆಯೇ?

ಇದನ್ನು ನಾನು ಇಷ್ಟು ಖಚಿತವಾಗಿ ಹೇಳಲು ಒಂದು ಕಾರಣವಿದೆ. 1987ರ ಮಳೆಗಾಲ. ಉಡುಪಿಯಲ್ಲಿ ನಾನು ವಕೀಲಿ ಶುರುಮಾಡಿ ಐದು ವರ್ಷವಾಗಿತ್ತು. ಮಲ್ಪೆ ಕಡೆಯ ಹೆಂಗಸೊಬ್ಬರು ಕಚೇರಿಗೆ ಬಂದರು. ಗಂಡ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಬೋಟು ದಡದಲ್ಲಿದ್ದರೆ ಅವನು ಗಡಂಗಿನಲ್ಲಿ. ಅವರ ಎಡಗೈಯ ಎರಡು ಬೆರಳುಗಳು ನೆಟ್ಟಗೆ ಆಗುತ್ತಿರಲಿಲ್ಲ, ಆದ್ದರಿಂದ ಬೀಡಿ ಕಟ್ಟುವುದು ನಿಂತುಹೋಗಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಕ್ಯಾಲೆಂಡರಿನ ಹಾಳೆಯ ತುಂಡು, ಅದಕ್ಕೆ ಬಾಳೆಯ ನಾರಿನ ಕಟ್ಟು. ಅಂಕಿಯ ಅರ್ಧ ಕಾಣುತ್ತಿತ್ತು, ಕೆಂಪು ಶಾಯಿಯ 2 ಎಂದು ನನಗಿನ್ನೂ ನೆನಪಿದೆ. ಪ್ರಶ್ನೆ ಇಡುವವನೊಬ್ಬ ಕೊಟ್ಟದ್ದು. ಅದಕ್ಕಾಗಿ ಬಳೆಯೊಂದನ್ನು ಅಡವಿಟ್ಟಿದ್ದರು. ಮೂರು ಮಂಗಳವಾರ ಗಂಜಿಗೆ ಬೆರೆಸಿದರೆ ಕುಡಿತ ಬಿಡುತ್ತಾನೆ ಎಂದಿದ್ದನಂತೆ. "ಹಾಕಿದರೆ ತಪ್ಪಾಗುತ್ತದೆಯೇ ಅಕ್ಕ?" ಎಂದು ಕೇಳಿದರು.

ನಾನು ಪೆನ್ನಿನ ತುದಿಯಿಂದ ಬಿಡಿಸಿ ನೋಡಿದೆ. ಬೂದಿಯಂಥ ಪುಡಿ. ಅದರ ನಡುವೆ ನಾಲ್ಕೈದು ಬಿಳಿ ಕಾಳು. ಸಕ್ಕರೆಯಿರಬಹುದು, ಪಟಿಕವಿರಬಹುದು, ಬೇರೆ ಏನೂ ಇರಬಹುದು. ಅವರಿಗೂ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಕೇಳಬಾರದೆಂಬುದೇ ಅದರ ನಿಯಮ, ಕೇಳಿದರೆ ಫಲ ಹೋಗುತ್ತದಂತೆ.

ನಾನು ಆ ದಿನ ಅವರನ್ನು ಗದರಿದೆ. ಜೈಲಿನ ಮಾತೆತ್ತಿ ಹೆದರಿಸಿದೆ. ಅವರು ಪೊಟ್ಟಣವನ್ನು ಅಲ್ಲಿಯೇ ಬಿಟ್ಟು ಎದ್ದುಹೋದರು, ಎರಡು ತಿಂಗಳು ಬರಲಿಲ್ಲ. ಆ ಎರಡು ತಿಂಗಳು ಮಲ್ಪೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಪೊಟ್ಟಣವನ್ನು ಪರೀಕ್ಷೆಗೆ ಕಳುಹಿಸುವ ದಾರಿ ಹುಡುಕಬೇಕಿತ್ತು. ಹುಡುಕಲಿಲ್ಲ, ಕಚೇರಿಯ ಹಿಂದಿನ ಗೇರುಮರದ ಬುಡದಲ್ಲಿ ಹೂತುಬಿಟ್ಟೆ. ಅವರು ಮತ್ತೆ ಬಂದಾಗ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶದ ಅರ್ಜಿ ಹಾಕಿದೆವು. ಆಗ ಕಾನೂನು ಕೊಡಿಸಬಹುದಾಗಿದ್ದ ಗರಿಷ್ಠ ಮೊತ್ತ ತಿಂಗಳಿಗೆ 500 ರೂಪಾಯಿ. ಅವರಿಗೆ ಸಿಕ್ಕಿದ್ದು 150. ಆ ಆದೇಶದ ಪ್ರತಿಯನ್ನು ಅವರು ಮಡಚಿ ಅದೇ ಸೆರಗಿನ ತುದಿಗೆ ಕಟ್ಟಿಕೊಂಡರು.

ಫ್ರಾನ್ಸಿನ ಕಥೆಗೆ ಮರಳುತ್ತೇನೆ, ಒಂದು ಮಾತು ಉಳಿದಿದೆ. 1682ರ ಜುಲೈನಲ್ಲಿ ರಾಜ ಹೊರಡಿಸಿದ ಶಾಸನದಲ್ಲಿ ಮಾಟವನ್ನು "ಮಾಟವೆಂದು ಹೇಳಿಕೊಳ್ಳುವುದು" ಎಂದು ಕರೆದಿದ್ದಾರೆ. ಸೈತಾನನ ಕೆಲಸವೆಂದು ಹೆದರುತ್ತಿದ್ದುದನ್ನು ಕಾನೂನು ವಂಚನೆಯ ಪಟ್ಟಿಗೆ ಸೇರಿಸಿತು. ಅದೇ ಶಾಸನದಲ್ಲಿ ಪಾಷಾಣ ಮಾರುವವರು ಕೊಂಡವರ ಹೆಸರು, ವಿಳಾಸವನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವೂ ಬಂತು. ಎಷ್ಟು ಬುದ್ಧಿವಂತರು! ಮಂತ್ರದ ಹಿಂದೆ ಓಡುವುದನ್ನು ಬಿಟ್ಟು ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಕೈಹಾಕಿದರು.

ಆಗಿನ ವೈದ್ಯರಿಗೆ ಗೊತ್ತಾಗುತ್ತಿರಲಿಲ್ಲವೇ?
*ವೈದ್ಯಕೀಯ ವಿದ್ಯಾರ್ಥಿನಿ, ಮಣಿಪಾಲ*

ಗೊತ್ತಾಗುವ ದಾರಿ ಇರಲಿಲ್ಲಮ್ಮ. ವಾಂತಿ, ಭೇದಿ, ಹೊಟ್ಟೆ ಉರಿ, ತೀರದ ಬಾಯಾರಿಕೆ. ಹತ್ತು ಕಾಯಿಲೆಗಳಿಗೆ ಇದೇ ಲಕ್ಷಣ. ಸ್ಪಾನಾಳ ಪ್ರಕರಣಕ್ಕಿಂತ ಎರಡು ಮೂರು ವರ್ಷ ಮೊದಲು, 1656 ಮತ್ತು 57ರಲ್ಲಿ, ರೋಮಿಗೆ ಪ್ಲೇಗ್ ಬಡಿದಿತ್ತು. ಸಾವು ಕಂಡು ಬೆಚ್ಚಿಬೀಳುವ ಕಾಲ ಅದಲ್ಲ. ಶಂಖಪಾಷಾಣವನ್ನು ದೇಹದಲ್ಲಿ ನಂಬುವಂತೆ ಗುರುತಿಸುವ ಮಾರ್ಷ್ ಪರೀಕ್ಷೆ ಪ್ರಕಟವಾದದ್ದು 1836ರಲ್ಲಿ. ನಿಮ್ಮ ಪಾಠದಲ್ಲಿ ಬರುವ ವಿಷಶಾಸ್ತ್ರಜ್ಞ ಓರ್ಫಿಲಾ ಅದನ್ನು ಫ್ರಾನ್ಸಿನ ಮಾರಿ ಲಾಫಾರ್ಜ್ ಪ್ರಕರಣದಲ್ಲಿ ಬಳಸಿದ್ದು 1840ರಲ್ಲಿ. ಆ ಪ್ರಕರಣವೂ ಗಂಡನಿಗೆ ವಿಷ ಹಾಕಿದ ಆರೋಪದ್ದು. ಸ್ಪಾನಾಳ ಕಾಲದ ನ್ಯಾಯಾಲಯ ಹೆಚ್ಚಾಗಿ ನೆಚ್ಚುತ್ತಿದ್ದದ್ದು ತಪ್ಪೊಪ್ಪಿಗೆಯನ್ನು, ಇಲ್ಲವೇ ಚಿತ್ರಹಿಂಸೆಯನ್ನು. ಶವದ ಒಳಾಂಗಗಳನ್ನು ಪರೀಕ್ಷೆಗೆ ಕಳುಹಿಸುವ ನಿಮ್ಮ ವಿಸೆರಾ ಬಾಟಲಿಗಳಿಗೆ ಸರಿಯಾಗಿ ಮೊಹರು ಹಾಕುವುದನ್ನು ಕಲಿತುಕೊಳ್ಳಿ. ಮೊಹರು ಸಡಿಲವಾಗಿತ್ತೆಂಬ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋದದ್ದನ್ನು ನಾನು ಕಂಡಿದ್ದೇನೆ.

ನಾನು ಇದೇ ಕಾಲದ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ರೋಮನ್ನು ನಾನು ನೋಡಿಲ್ಲ. ನಮ್ಮ ಊರಿಗೆ ಅದನ್ನು ಹೇಗಾದರೂ ಜೋಡಿಸಬಹುದೇ?
*ಶಿಕ್ಷಕಿ, ಕಿನ್ನಿಗೋಳಿ*

ಜೋಡಿಸುವ ಕೆಲಸವನ್ನು ಚರಿತ್ರೆ ನಿಮಗಾಗಿ ಮಾಡಿಟ್ಟಿದೆ! ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಸಿರಿವಂತ ಪ್ರವಾಸಿ 1623ರಲ್ಲಿ ನಮ್ಮ ಮಂಗಳೂರಿಗೆ ಬಂದಿದ್ದ. ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ಅವಳು ಅರಮನೆಯಲ್ಲಿ ಕುಳಿತಿರಲಿಲ್ಲ. ಹೊಲಕ್ಕೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ಬರಿಗಾಲಿನಲ್ಲಿ ನಿಂತು ಮಾಡಿಸುತ್ತಿದ್ದಳು, ತಲೆಯ ಮೇಲೆ ತಾಳೆಗರಿಯ ಕೊಡೆ. ಅವಳು ಬಂಗ ಅರಸನನ್ನು ಮದುವೆಯಾಗಿ, ಆಮೇಲೆ ಅವನನ್ನು ಬಿಟ್ಟು, ಅವನು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದ್ದಳೆಂದೂ ಅವನು ಬರೆದಿಟ್ಟಿದ್ದಾನೆ. ಮರಳಿ ರೋಮಿಗೆ ಹೋಗಿ 1652ರಲ್ಲಿ ಅಲ್ಲಿಯೇ ತೀರಿಕೊಂಡ. ಐವರು ಹೆಂಗಸರನ್ನು ನೇಣಿಗೇರಿಸುವುದಕ್ಕೆ ಏಳು ವರ್ಷ ಮೊದಲು.

ಒಡವೆ ಹಿಂದಕ್ಕೆ ಕೊಟ್ಟು ಗಂಡನನ್ನು ಬಿಟ್ಟ ಹೆಂಗಸನ್ನು ಕಣ್ಣಾರೆ ಕಂಡವನು ಆ ಊರಿನ ಬೀದಿಗಳಲ್ಲಿ ಓಡಾಡುತ್ತಿದ್ದ. ಅವನ ಮನೆಯ ಅಡುಗೆಯವಳೊಬ್ಬಳು ಆ ಕಥೆಯನ್ನು ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದರೆ ಎಂದು ನಾನೇ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಕಾದಂಬರಿ ಬರೆಯುವ ಶಕ್ತಿ ನನಗಿಲ್ಲ, ನೀವು ಬರೆಯಿರಿ. ಎರಡು ಬೇಡಿಕೆಗಳು ಮಾತ್ರ. ಸತ್ತ ಗಂಡಂದಿರಲ್ಲಿ ಒಬ್ಬನನ್ನಾದರೂ ಒಳ್ಳೆಯವನನ್ನಾಗಿ ಮಾಡಿ, ಆಗ ಓದುವವರಿಗೆ ಉಸಿರು ಕಟ್ಟುತ್ತದೆ. ವಿಷ ಮಾರುವವಳನ್ನು ಮೂಗು ಸೊಟ್ಟಗಿರುವ ಮಾಟಗಾತಿಯಂತೆ ಚಿತ್ರಿಸಬೇಡಿ. ಬಾಣಂತನಕ್ಕೆ ಕರೆಯುವುದೂ ಅವಳನ್ನೇ, ಮಗುವಿಗೆ ಹೊಟ್ಟೆನೋವಾದಾಗ ಹೋಗುವುದೂ ಅವಳ ಬಳಿಗೇ. ಹಂಗೇರಿಯ ನಾಗ್ಯರೇವ್ ಎಂಬ ಹಳ್ಳಿಯಲ್ಲಿ 1929ರಲ್ಲಿ ಇಂಥದೇ ಸರಣಿ ಬೆಳಕಿಗೆ ಬಂದಾಗ ನಡುವೆ ಇದ್ದವಳು ಊರಿನ ಸೂಲಗಿತ್ತಿ. ಎಲ್ಲರ ಮನೆಯ ಒಳಕೋಣೆ ಅವಳಿಗೆ ಗೊತ್ತಿತ್ತು.

ಅಕ್ಕ, ಹೆಸರು ಹಾಕಬೇಡಿ. ನಾನು ಗಂಡನಿಗೆ ಕೈವಿಷ ಹಾಕಿದ್ದೇನೆಂದು ಅತ್ತೆ ಹೇಳುತ್ತಾರೆ. ಅವರಿಗೆ ಆರು ತಿಂಗಳಿನಿಂದ ಊಟ ಸೇರುವುದಿಲ್ಲ, ತೂಕ ಇಳಿದಿದೆ. ಕೈವಿಷ ಕಾರಿಸಲು ಕರೆದುಕೊಂಡು ಹೋಗಿದ್ದರು. ಈಗ ಬರುವ ಅಮಾವಾಸ್ಯೆಗೆ ನನ್ನನ್ನೂ ಅದೇ ಜಾಗಕ್ಕೆ ಕರೆದುಕೊಂಡು ಹೋಗುತ್ತಾರಂತೆ, ನನ್ನ ಬಾಯಿ ಬಿಡಿಸಲು. ನಾನು ಏನೂ ಹಾಕಿಲ್ಲ.
*ಓದುಗಳು, ಉಡುಪಿ ಜಿಲ್ಲೆ*

ತಂಗಿ, ನಿಮ್ಮ ಪತ್ರ ಬಂದ ದಿನವೇ ನೀವು ಕೊಟ್ಟ ವಿಳಾಸಕ್ಕೆ ಉತ್ತರ ಬರೆದಿದ್ದೇನೆ. ಇಂಥ ಸ್ಥಿತಿಯಲ್ಲಿ ಇನ್ನೂ ಯಾರಾದರೂ ಇರಬಹುದೆಂದು ಇಲ್ಲಿಯೂ ಬರೆಯುತ್ತಿದ್ದೇನೆ.

ನೀವು ಅಲ್ಲಿಗೆ ಹೋಗಬೇಕಾಗಿಲ್ಲ. ದೆವ್ವ ಬಿಡಿಸುವ, ಮಾಟ ತೆಗೆಯುವ ಹೆಸರಿನಲ್ಲಿ ಒಬ್ಬರನ್ನು ಕಟ್ಟಿಹಾಕುವುದು, ಹೊಡೆಯುವುದು ಕರ್ನಾಟಕದಲ್ಲಿ ಅಪರಾಧ. ಅದಕ್ಕೆಂದೇ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಮನೆಯೊಳಗಿನ ಬೆದರಿಕೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರಡಿಯಲ್ಲಿ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣಾ ಆದೇಶವನ್ನೂ ಕೇಳಬಹುದು. ವಕೀಲರಿಗೆ ದುಡ್ಡಿಲ್ಲವೆಂದು ಬರೆದಿದ್ದೀರಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಹೆಸರು ಹೇಳಿದರೆ ಸಾಕು. ಹೊರಗೆ ಬರಲು ಆಗದಿದ್ದರೆ 181ಕ್ಕೆ ಕರೆಮಾಡಿ. ಕೈಮಾಡುವ ಹಂತಕ್ಕೆ ಬಂದರೆ 112.

ಇದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ನಿಮ್ಮ ಗಂಡನನ್ನು ಆಸ್ಪತ್ರೆಗೆ ತೋರಿಸಿ. ಆರು ತಿಂಗಳಿನಿಂದ ಊಟ ಸೇರದೆ ತೂಕ ಇಳಿಯುತ್ತಿದ್ದರೆ ಅದಕ್ಕೆ ಕಾರಣವಿದೆ, ಅದು ಕಾಯಿಲೆಯೇ ಇರಬಹುದು. ಕೈವಿಷ ಕಾರಿಸುತ್ತೇವೆಂದು ಮತ್ತೆ ಮತ್ತೆ ವಾಂತಿ ಮಾಡಿಸಿದರೆ ಮನುಷ್ಯ ಇನ್ನಷ್ಟು ಸೋಲುತ್ತಾನೆ. ಅಲ್ಲಿ ಅವರಿಗೆ ಕುಡಿಸಿದ್ದೇನೆಂದು ವೈದ್ಯರಿಗೆ ತಪ್ಪದೆ ಹೇಳಿ. ರಕ್ತ ಪರೀಕ್ಷೆಯ ಚೀಟಿ, ಔಷಧದ ಚೀಟಿ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಅವರನ್ನು ಗುಣಪಡಿಸಲಿಕ್ಕೂ ಅವು ಬೇಕು, ನಿಮ್ಮ ಮೇಲೆ ಹೊರಿಸಿದ್ದನ್ನು ಇಳಿಸಲಿಕ್ಕೂ ಬೇಕು.

ಅತ್ತೆಯವರ ಮೇಲೆ ಕೂಗಾಡಬೇಡಿ. ಮಗ ಕಣ್ಣೆದುರೇ ಕರಗುತ್ತಿರುವುದನ್ನು ಕಂಡು ಹೆದರಿದ ತಾಯಿ ಅವರು. ಆಗುವುದಾದರೆ ಅವರನ್ನೂ ಆಸ್ಪತ್ರೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ, ವೈದ್ಯರ ಮಾತು ಅವರ ಕಿವಿಗೂ ಬೀಳಲಿ. ಅಮಾವಾಸ್ಯೆಗೆ ಮೊದಲು ತವರಿನಿಂದ ಒಬ್ಬರನ್ನು ಕರೆಸಿಕೊಂಡಿರಿ, ಅಣ್ಣನೋ ಚಿಕ್ಕಮ್ಮನೋ ಯಾರಾದರೂ ಸರಿ. ಪತ್ರದಲ್ಲಿ ನನ್ನ ಮನೆಯ ದೂರವಾಣಿ ಸಂಖ್ಯೆ ಬರೆದಿದ್ದೇನೆ. ರಾತ್ರಿಯಾದರೂ ಮಾಡಿ, ನಾನೇ ಎತ್ತುತ್ತೇನೆ.